ನಿಂತುಹೋದ ತಡೆಗೋಡೆ

ಚಾಮುಂಡಿ ಬೆಟ್ಟದ ಬುಡದ ಇಳಿಜಾರಿನಲ್ಲಿ ಚೆಲುವಮ್ಮನ ಮನೆ. ಗಂಡ ತೀರಿಕೊಂಡ ಮೇಲೆ ನಜರ್‌ಬಾದಿನಲ್ಲಿ ಹೂ ಮಾರಿಕೊಂಡೇ ಮಗ ಶಿವಶಂಕರನನ್ನು ಸಾಕಿ, ಓದಿಸಿ, ಮದುವೆ ಮಾಡಿದ ಗಟ್ಟಿಗಿತ್ತಿ. ಈಗ ಹಿತ್ತಿಲಿನ ಕಡೆಗೆ ಇನ್ನೊಂದು ಕೋಣೆ ಕಟ್ಟಿಸಲು ಹೊರಟಿದ್ದಳು. ಹಿತ್ತಿಲೇನು ಬಂತು, ಮನೆಗಿಂತ ಎತ್ತರಕ್ಕೆ ನೆಟ್ಟಗೆ ನಿಂತ ದಿಬ್ಬ. ಮೇಸ್ತ್ರಿ ಸಿದ್ದಪ್ಪಾಜಿ ಅದನ್ನು ಕಡಿಸಿ ಜಾಗ ಮಾಡಿಕೊಟ್ಟ. ಮಣ್ಣು ಜಾರದಂತೆ ಮೊದಲು ಕಲ್ಲಿನ ತಡೆಗೋಡೆ, ಆಮೇಲೆ ಕೋಣೆ ಎಂದು ಮಾತಾಗಿತ್ತು.

ಕಲ್ಲು ಬಂದು ಬಿದ್ದ ದಿನವೇ, ತಾಯಿಯಿಲ್ಲದ ಸೊಸೆ ಸೌಮ್ಯ ತಾನು ಬಸುರಿ ಎಂದು ಬಾಯಿಬಿಟ್ಟಳು. ಚೆಲುವಮ್ಮ ಹಿಗ್ಗಿ ಹೀರೇಕಾಯಿಯಾದಳು, ಮರುಗಳಿಗೆಯೇ ಕೆಲಸ ನಿಲ್ಲಿಸಿದಳು. ಬಸುರಿ ಇರುವ ಮನೆಯಲ್ಲಿ ಕಟ್ಟಡದ ಕೆಲಸ ಮಾಡಬಾರದೆಂಬುದನ್ನು ಅವಳ ಅಮ್ಮ, ಅಜ್ಜಿ ಎಲ್ಲರೂ ಪಾಲಿಸಿದ್ದರು. ಹೋದ ವರ್ಷವಷ್ಟೇ ಸೌಮ್ಯಳಿಗೆ ಗರ್ಭ ನಿಲ್ಲದೆ ಹೋಗಿತ್ತು. ಮತ್ತೆ ಹಾಗಾದರೆ ಹುಡುಗಿ ಬದುಕುತ್ತಾಳೋ ಇಲ್ಲವೋ ಎಂದು ಅತ್ತೆಗೆ ಭಯ.

“ಗೋಡೆ ಒಂದ್ನಾದ್ರೂ ಎಬ್ಬಿಸ್ಬುಡ್ತೀನಿ ಕಣಮ್ಮ, ಮಳೆ ಹಿಡ್ಕೊಂಡ್ರೆ ಕಷ್ಟ,” ಅಂದ ಸಿದ್ದಪ್ಪಾಜಿ.

“ಹೆರಿಗೆ ಆಗ್ಲಿ ಬುಡಪ್ಪ, ಆಮೇಲ್ ನೋಡನ.”

ಮಳೆ ಕಾಯುತ್ತದೆಯೇ? ಬಂತು. ದಿಬ್ಬಕ್ಕೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಹರಿದುಹೋಯಿತು. ಚೆಲುವಮ್ಮ ಹೂ ಕಟ್ಟುತ್ತಾ ಕೂತರೂ ಕಿವಿಯೆಲ್ಲ ಹಿತ್ತಿಲಿನ ಕಡೆಗೇ. ಮಣ್ಣು ಉದುರಿದ ಸದ್ದಾದರೆ ಹೂ ಬಿಟ್ಟು ಎದ್ದುಹೋಗಿ ನೋಡುವಳು. ಆದರೂ ಮೇಸ್ತ್ರಿಯನ್ನು ಕರೆಸಲೊಲ್ಲಳು, ಹಟಮಾರಿ ಹೆಂಗಸು.

ಒಂದು ಮಧ್ಯಾಹ್ನ ದಿಬ್ಬದ ಒಂದು ಮಗ್ಗುಲು ಕುಸಿದು ಸೌಮ್ಯ ಮಲಗುವ ಕೋಣೆಗೆ ಬಡಿಯಿತು. ಕಿಟಕಿ ಮುರಿದು ಹಾಸಿಗೆಯ ಮೇಲೆಲ್ಲ ಕೆಸರು. ಸದ್ಯ, ಸೌಮ್ಯ ಅಡುಗೆಮನೆಯಲ್ಲಿದ್ದಳು. ಓಡಿಬಂದು ಹಾಸಿಗೆ ನೋಡಿದವಳೇ ಅತ್ತೆಯ ಕೈ ಹಿಡಿದುಕೊಂಡಳು.

“ಅತ್ತೆ, ನಾನು ಬಸ್ರಿ ಅಂತ ಗುದ್ದಲಿ ಪೂಜೆ ದಿನಾನೇ ನಂಗೆ ಗೊತ್ತಿತ್ತು. ಹೋದ್ಸಲದಂಗೆ ಆಗ್ಬುಟ್ರೆ ಅಂತ ಭಯಕ್ಕೆ ಯಾರ್ಗೂ ಹೇಳ್ಲಿಲ್ಲ.”

ಅಂದರೆ ದಿಬ್ಬ ಕಡಿದದ್ದೆಲ್ಲ ಬಸುರಿಯನ್ನು ಮನೆಯಲ್ಲಿಟ್ಟುಕೊಂಡೇ. ಚೆಲುವಮ್ಮನಿಗೆ ರೇಗಿತು. ಆದರೂ ಸೊಸೆಯನ್ನು ಕೆಸರಿನಿಂದಾಚೆ ಕರೆತಂದು ಜಗಲಿಯಲ್ಲಿ ಕೂರಿಸಿದಳು. ಮೇಸ್ತ್ರಿಗೆ ಫೋನು ಮಾಡಿಸಿದಳು.

ಮಾರನೆಯ ಬೆಳಿಗ್ಗೆ ಮಳೆ ಬಿಡುವು ಕೊಟ್ಟಿತ್ತು. ಸಿದ್ದಪ್ಪಾಜಿ ಕಲ್ಲಿಗೆ ಕೈಹಾಕುವಷ್ಟರಲ್ಲಿ ಚೆಲುವಮ್ಮ ಅವನನ್ನು ತಡೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತಾ ಒಂದು ಕಲ್ಲನ್ನು ತಾನೇ ಹೊತ್ತು ತಂದು ಪಾಯಕ್ಕಿಟ್ಟಳು.

“ಅವ್ವ, ನಿಂಗ್ಯಾಕೆ ಇದೆಲ್ಲ?” ಅಂದ ಶಿವಶಂಕರ.

“ಸುಮ್ಕಿರು. ಮೊದಲ್ನೇ ಕಲ್ಲು ನಾನಿಟ್ಟಿದ್ದು. ಕೇಡು ಬರೋದಾದ್ರೆ ನನ್ನ ಹುಡುಕ್ಕೊಂಡ್ ಬರ್ಲಿ.”