ತುಪ್ಪದ ಗಿಂಡಿ ಕೆಳಗಿಟ್ಟ ವೈನಿ

ಮೊಮ್ಮಗನ ಹೆಂಡತಿ ಬಾಣಂತಿ. ಮೊನ್ನೆ ಅವಳಿಗೆ ಅಂಟಿನ ಉಂಡಿ ಕಟ್ಟಲೆಂದು ಕಾದ ತುಪ್ಪಕ್ಕೆ ಅಂಟು ಹಾಕಿದೆ. ಅಂಟು ಅರಳಿ ಉಬ್ಬುವಾಗ ಏಳುವ ಆ ವಾಸನೆ... ಎಷ್ಟು ವರ್ಷಗಳಾದವೋ, ನೇರ ಹುಕ್ಕೇರಿಯ ಓಣಿಗೆ, ಎದುರುಮನೆಯ ವೈನಿಯ ಅಡಿಗೆಮನೆಗೆ ನನ್ನನ್ನು ಎಳೆದೊಯ್ದಿತು.

ಅತ್ತಿಗೆಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಆಕೆ ನನಗೆ ಬಂಧುವೇನಲ್ಲ. ಮೂಡಲಗಿಯಿಂದ ಮದುವೆಯಾಗಿ ಆ ಓಣಿಗೆ ಬಂದಾಗ ನನಗೆ ಸೀರೆಯ ನಿರಿಗೆಯೇ ನಿಲ್ಲುತ್ತಿರಲಿಲ್ಲ. ಅದನ್ನು ಸರಿಮಾಡಿ, ಯಾರ ಮುಂದೆ ಸೆರಗು ಹೊದೆಯಬೇಕು, ಯಾರ ಮುಂದೆ ಕೂರಬಾರದು ಎಂದೆಲ್ಲ ಕಲಿಸಿದವಳು ವೈನಿ. ರೀತಿ ರಿವಾಜಿನಲ್ಲಿ ಇಡೀ ಓಣಿಗೆ ಆಕೆಯೇ ಮಾಸ್ತರು. ಆಗಿನ್ನೂ ಹಿಡಕಲ್ಲಿಗೆ ಅಣೆಕಟ್ಟು ಬಂದಿರಲಿಲ್ಲ, ರಾಜ್ಯ ಇಂಗ್ಲಿಷರದು. ಆದರೆ ಓಣಿಯಲ್ಲಿ ನಡೆಯುತ್ತಿದ್ದುದು ಪಂಚರ ಮಾತು. ವೈನಿಯ ಮಾವನವರೇ ಪಂಚರಲ್ಲಿ ಹಿರಿಯರು.

ವೈನಿಯ ಬಾಜೂ, ಅಂದರೆ ಪಕ್ಕದ ಮನೆಯವನು ಹೊಲದ ಬದುವಿನ ಜಗಳದಲ್ಲಿ ಪಂಚರನ್ನು ಮೀರಿ ಗೋಕಾಕದ ಕೋರ್ಟಿಗೆ ಹೋದ. ಪಂಚರು ಅವನ ಮನೆಗೆ ಬಹಿಷ್ಕಾರ ಹಾಕಿದರು. ಬೆಂಕಿ ಕೊಡುವಂತಿಲ್ಲ, ನೀರು ಕೊಡುವಂತಿಲ್ಲ, ಮಾತಿಲ್ಲ, ಅವರ ಹೊಸ್ತಿಲು ತುಳಿಯುವಂತಿಲ್ಲ. ಒಂದು ಬೆಳಿಗ್ಗೆ ಅವನ ಮುದಿ ತಾಯಿ ಒಲೆಗೆ ಕೆಂಡ ಕೇಳಲು ಬಂದಾಗ ಮುಖದ ಮೇಲೆ ಬಾಗಿಲು ಹಾಕಿದವಳು ಬೇರೆ ಯಾರೂ ಅಲ್ಲ, ನಮ್ಮ ವೈನಿಯೇ.

ಹೀಗಿರುವಾಗ ಅವನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಎಳೆಯ ಹೆಣ್ಣುಕೂಸು ಉಳಿಯಿತು. ಅರಳೆಯ ಬತ್ತಿಯನ್ನು ಆಡಿನ ಹಾಲಲ್ಲಿ ಅದ್ದಿ ಬಾಯಿಗಿಟ್ಟರೆ ಕಾರಿಕೊಳ್ಳುತ್ತಿತ್ತು. ಅದರ ಅಳು ದಿನೇ ದಿನೇ ಸಣ್ಣದಾಗುತ್ತಿದ್ದುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಎಲ್ಲರೂ ಲೊಚಗುಟ್ಟಿದೆವು, ಯಾರೂ ಹೊಸ್ತಿಲು ದಾಟಲಿಲ್ಲ. ವೈನಿಯ ಮಗನೂ ಆಗ ತೊಟ್ಟಿಲಲ್ಲಿದ್ದ.

ಒಂದು ದಿನ ವೈನಿಯ ಮನೆಯಲ್ಲಿ ಪಂಚರಿಗೆ ಹೋಳಿಗೆ ಊಟ. ನಾನು ಕೈನೆರವಿಗೆ ಹೋಗಿದ್ದೆ. ವೈನಿ ಸೆರಗು ಹೊದ್ದು ಗಿಂಡಿಯಿಂದ ಒಬ್ಬೊಬ್ಬರಿಗೆ ತುಪ್ಪ ನೀಡುತ್ತಿದ್ದಳು. ಗೋಡೆಯಾಚೆ ಕೂಸು ಅತ್ತಿತು. ಅಳು ಅನ್ನಲೂ ಆಗದು, ಬೆಕ್ಕಿನ ಮರಿಯಷ್ಟು ದನಿ. ವೈನಿಯ ಕೈ ನಿಂತಿತು. ನಾನು ನೋಡುತ್ತಿದ್ದಂತೆ ಆಕೆಯ ಕುಪ್ಪಸ ಒದ್ದೆಯಾಯಿತು. ಸೆರಗು ಎಳೆದುಕೊಂಡಳು, ಸೆರಗೂ ತೊಯ್ದಿತು. ಮಾವನವರ ತಾಟಿನ ಮುಂದೆ ಗಿಂಡಿ ಇಟ್ಟು, ಅಷ್ಟು ಜನ ಗಂಡಸರನ್ನು ಹಾದು, ತಲೆಬಾಗಿಲಿನಿಂದಲೇ ಹೊರಟುಹೋದಳು.

ಗೋಡೆಯಾಚೆ ಅಳು ನಿಂತಿತು. ಪಂಕ್ತಿಯಲ್ಲಿ ಯಾರೂ ತುತ್ತು ಎತ್ತಲಿಲ್ಲ. ಬಹಿಷ್ಕಾರ ಮುರಿದವರ ಮನೆಗೂ ಬಹಿಷ್ಕಾರವೇ ಎಂಬುದು ಎಲ್ಲರಿಗೂ ತಿಳಿದದ್ದು. ಸ್ವಲ್ಪ ಹೊತ್ತಿಗೆ ವೈನಿ ಬಂದಳು, ಕೈ ತೊಳೆದಳು, ಗಿಂಡಿ ಎತ್ತಿಕೊಂಡಳು.

“ಎಲ್ಲಿ ಹೋಗಿದ್ದಿ?” ಮಾವನವರು ಕೇಳಿದರು.

“ಬಾಜೂ ಮನಿಗ್ರಿ.”

“ಹೋಗಬಾರದಂತ ಗೊತ್ತಿರಲಿಲ್ಲೇನು?”

“ನನಗ ಗೊತ್ತಿತ್ರಿ ಮಾವಾರ. ಹಾಲಿಗೆ ಗೊತ್ತಿರಲಿಲ್ರಿ.”

ತಲೆ ತಗ್ಗಿಸಿಕೊಂಡೇ ಹೇಳಿದಳು. ಮಾವನ ಮುಂದೆ ಜೋರಾಗಿ ಉಸಿರನ್ನೂ ಬಿಡದ ಹೆಂಗಸು! ಮಾವನವರು ತಾಟು ಮುಂದಕ್ಕೆ ಸರಿಸಿ, ತುಪ್ಪ ನೀಡು ಅಂದರು. ಪಂಚರಲ್ಲೊಬ್ಬರು ಊಟ ಬಿಟ್ಟು ಎದ್ದು ಹೋದರು. ಉಳಿದವರು ತುಪ್ಪ ಹಾಕಿಸಿಕೊಂಡರು.

ಮರುದಿನ ಬೆಳಿಗ್ಗೆ ಓಣಿಯ ತುಂಬ ಅಂಟು ಹುರಿಯುವ ವಾಸನೆ. ವೈನಿಯ ಅತ್ತೆ ಯಾರಿಗೂ ಒಂದು ಮಾತು ಹೇಳದೆ ಉಂಡಿ ಕಟ್ಟುತ್ತಿದ್ದರು. ಇಬ್ಬರಿಗೆ ಹಾಲಾಗಬೇಕಲ್ಲ.

ಇನ್ನೊಂದು ಸೋಜಿಗ ಹೇಳಬೇಕು. ವೈನಿ ತಿಂಗಳುಗಟ್ಟಲೆ ಆ ಮನೆಗೆ ಹೋಗಿ ಕೂಸಿಗೆ ಹಾಲು ಕೊಟ್ಟಳು. ಆದರೆ ಅಲ್ಲಿ ಗುಟುಕು ನೀರು ಕುಡಿಯಲಿಲ್ಲ, ದೊಡ್ಡವರ ಜೊತೆ ಒಂದು ಮಾತಾಡಲಿಲ್ಲ. ಮುದುಕಿ ಕೂಸನ್ನು ಕೌದಿಯ ಮೇಲೆ ಮಲಗಿಸಿ ಬದಿಗೆ ಸರಿಯುತ್ತಿದ್ದಳು, ಅಷ್ಟೇ. ಇದೇನು ನಿಮ್ಮ ಹಟ ಎಂದು ನಾನು ಕೇಳಿದ್ದೆ.

“ಪಂಚರು ಮಾತು ಬಂದ್ ಮಾಡ್ಯಾರಲ್ಲ, ಮರ್ತಿಯೇನು?” ಅಂದಳು. ನನಗೆ ನಗು ಬಂತು, ಆಕೆ ನಗಲಿಲ್ಲ.

ಕೊನೆಗೆ ಆ ಬಹಿಷ್ಕಾರವನ್ನು ಯಾರೂ ತೆಗೆಯಲೇ ಇಲ್ಲ. ಕೂಸು ನಡೆಯಲು ಕಲಿತು ತಾನೇ ವೈನಿಯ ಮನೆಗೆ ಬರತೊಡಗಿತು. ಒಂದು ದಿನ ಗಟಾರದ ಅಂಚಿನಲ್ಲಿ ಮುಗ್ಗರಿಸಿದ್ದನ್ನು ಮಾವನವರೇ ಓಡಿಹೋಗಿ ಎತ್ತಿಕೊಂಡರು. ಆಮೇಲೆ ಬಹಿಷ್ಕಾರದ ಮಾತು ತೆಗೆಯಲು ಯಾರಿಗೆ ಮುಖವಿತ್ತು?

ನೀತಿ ಎಂಬುದೆಲ್ಲ ಮಂದಿ ಕೂಡಿ ಕಟ್ಟಿಕೊಂಡದ್ದು ಎಂದು ಓದಿದವರು ಹೇಳುತ್ತಾರೆ. ಇರಬಹುದು. ವೈನಿ ನನಗೆ ಕಲಿಸಿದ್ದೆಲ್ಲ ಅದೇ, ಅದನ್ನು ಆಕೆ ಕಡೆಯವರೆಗೂ ಬಿಡಲಿಲ್ಲ. ಆದರೆ ಆ ದಿನದ್ದನ್ನು ಆಕೆಗೆ ಯಾರು ಕಲಿಸಿದ್ದರು? ಹಾಲು ತಾನಾಗಿ ಇಳಿದಿರಬಹುದು, ಅದು ಮೈಯ ಧರ್ಮ. ಆದರೆ ಪಂಚರ ಪಂಕ್ತಿ ದಾಟಿ ನಡೆದ ಆ ಕಾಲುಗಳು... ನೆನೆದಾಗಲೆಲ್ಲ ಇವತ್ತಿಗೂ ಕೈಮುಗಿಯಬೇಕು ಅನ್ನಿಸುತ್ತದೆ.

ಆ ಕೂಸು ಬೆಳೆದು ಅಂಕಲಗಿಗೆ ಮದುವೆಯಾಗಿ ಹೋಯಿತು. ವೈನಿ ತೀರಿಕೊಂಡಾಗ ಓಡಿಬಂದು, ಹೊಟ್ಟೆಯಲ್ಲಿ ಹುಟ್ಟಿದವರಿಗಿಂತ ಜೋರಾಗಿ ಅತ್ತವಳು ಅವಳೇ. ಓಣಿಗೆಲ್ಲ ಕೇಳಿತು. ಅಂದು ಮಾತ್ರ ಆ ಅಳು ಕೇಳಿ ವೈನಿ ಏಳಲಿಲ್ಲ.

ಉಂಡಿ ಕೊಡಲು ಕೋಣೆಗೆ ಹೋದೆ. ನಮ್ಮ ಕೂಸು ಮಲಗಿತ್ತು. ಹೊರಗೆಲ್ಲೋ ಬೇರೆ ಕೂಸು ಅಳುತ್ತಿತ್ತು. ಮೊಮ್ಮಗನ ಹೆಂಡತಿ ಮುಂಗೈಯನ್ನು ತೊಯ್ದ ಎದೆಗೆ ಒತ್ತಿ ಹಿಡಿದು, ಯಾರ ಕೂಸೋ ಏನೋ ಎಂದು ನಾಚಿ ನಕ್ಕಳು. ಉಂಡಿ ಅವಳ ಕೈಗಿಟ್ಟು ಪಕ್ಕದಲ್ಲೇ ಕೂತೆ. ಇದನ್ನು ಹೋಗಿ ಹೇಳೋಣವೆಂದರೆ ಎದುರುಮನೆಯಲ್ಲಿ ವೈನಿ ಇಲ್ಲ.