ಶಕುಂತಲಾ ಕಾಕುವಿನ ರೆಕಾರ್ಡ್ ಪ್ಲೇಯರ್

ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ಶಕುಂತಲಾ ಕಾಕು ರೆಕಾರ್ಡ್ ಪ್ಲೇಯರಿನ ಸೂಜಿಯನ್ನು ನೋಡುತ್ತಿದ್ದರು. ಕೆಳಗಿನ ಕನ್ನಡಕ ಅವರದು, ಮೇಲಿನದು ಗಂಡ ಮಾಣಿಕರಾಯರದು. ಸೂಜಿಗೆ ಅಂಟಿದ ಧೂಳನ್ನು ಮೆತ್ತನೆಯ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಸವರುತ್ತಿದ್ದರು. ತಿರುವುಮುರುವಾದರೆ ಸೂಜಿ ಮುರಿದೀತು. ಹುಮನಾಬಾದಿನ ಅವರ ಮನೆಯ ಮಾಳಿಗೆ ಕೋಣೆಗೆ ಬಾಡಿಗೆಗೆ ಬಂದ ದಿನ ನಾನು ಮೊದಲು ಕಂಡದ್ದು ಇದನ್ನೇ.

ಮಾಣಿಕರಾಯರು ಮಾಣಿಕನಗರದ ಭಜನೆಗಳಲ್ಲಿ ತಬಲಾ ನುಡಿಸುತ್ತಿದ್ದವರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಸಂಜೆ ಕಾಕು ಹಳೆಯ ಭಜನೆಯ ರೆಕಾರ್ಡ್ ಹಚ್ಚಿದರೆ ಎಡಗೈಯ ಬೆರಳುಗಳು ಮಂಚದ ಪಟ್ಟಿಯ ಮೇಲೆ ತಾಳ ಹಿಡಿಯುತ್ತಿದ್ದವು. ದಿನವಿಡೀ ಗೋಡೆ ನೋಡುತ್ತ ಮಲಗಿರುತ್ತಿದ್ದ ಮನುಷ್ಯ ಆ ಹೊತ್ತಿಗೆ ಮಾತ್ರ ಈ ಕಡೆ ಹೊರಳುತ್ತಿದ್ದರು. ಹೀಗಾಗಿ ಆ ಪೆಟ್ಟಿಗೆ ಕೆಡುವಂತಿರಲಿಲ್ಲ.

ಒಮ್ಮೆ ಹಾಡು ಒಂದೇ ಸಾಲಿಗೆ ಸಿಕ್ಕಿಕೊಂಡು ಮತ್ತೆ ಮತ್ತೆ ಅದನ್ನೇ ಹೇಳತೊಡಗಿತು. ರಾಯರು ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಸೂಜಿಯ ತೋಳಿನ ಮೇಲೆ ನಾಣ್ಯವೊಂದನ್ನು ಇಟ್ಟರೆ ಸರಿಹೋಗುತ್ತದೆ ಎಂದೆ ನಾನು. ಭಾರ ಹೇರಿದರೆ ರೆಕಾರ್ಡ್ ಸವೆದುಹೋಗುತ್ತದೆ, ಅಂಥದ್ದು ಮತ್ತೆಲ್ಲಿ ಸಿಗುತ್ತದೆ ಎಂದು ಕಾಕು ಒಪ್ಪಲಿಲ್ಲ. ತಾಟಿನಲ್ಲಿ ನೀರು ತಂದು ಮೇಜಿನ ಮೇಲಿಟ್ಟರು. ನೀರು ಒಂದು ಬದಿಗೆ ವಾಲಿತು. ಮೇಜಿನ ಕಾಲಿಗೆ ರಟ್ಟಿನ ಚೂರು ಕೊಟ್ಟ ಮೇಲೆ ಹಾಡು ಮುಂದೆ ಸಾಗಿತು.

ರೆಕಾರ್ಡ್ ತಿರುಗಿಸುವ ಬೆಲ್ಟ್ ಸಡಿಲಾಗಿ ದನಿ ಎಳೆಯತೊಡಗಿದಾಗ ಕಾಕು ಬಸವಕಲ್ಯಾಣದ ಬಸ್ಸು ಹತ್ತಿದರು. ಅಲ್ಲಿ ಟೇಪ್‌ರೆಕಾರ್ಡರ್ ರಿಪೇರಿ ಮಾಡುವವನೊಬ್ಬ ಬೇರೆ ಬೆಲ್ಟ್ ಕೊಟ್ಟು, ಮೋಟರಿನ ಸಣ್ಣ ಸ್ಕ್ರೂ ತಿರುಗಿಸಿ ವೇಗ ಹೊಂದಿಸಿಕೊಳ್ಳಬೇಕೆಂದು ಹೇಳಿ ಕಳಿಸಿದ್ದ. ಮೊಬೈಲಿನಲ್ಲಿ ಅಳೆದು ಕೊಡುತ್ತೇನೆ ಎಂದೆ. ಕಾಕು ಗಂಡನ ಬೆರಳು ನೋಡುತ್ತಲೇ ಸ್ಕ್ರೂ ಹೊರಳಿಸಿದರು. ಬೆರಳೂ ಹಾಡೂ ಕೂಡಿದ ಮೇಲೆ ಕೈ ಬಿಟ್ಟರು. ಆಮೇಲೆ ಅಳೆದರೆ ಮೊಬೈಲೂ ಸರಿ ಎಂದಿತು.

"ಕೇಳಾವರು ಅವರಲ್ಲೇನು ತಮ್ಮಾ," ಎಂದರು ಕಾಕು.

ಮುಂದಿನ ಚಳಿಗಾಲದಲ್ಲಿ ರೆಕಾರ್ಡಿನಲ್ಲಿ ಹಾಡುವ ಹೆಂಗಸಿನ ದನಿ ದಿನದಿಂದ ದಿನಕ್ಕೆ ಭಾರವಾಗುತ್ತ ಬಂತು. ಕೊನೆಕೊನೆಗೆ ಗಂಡಸಿನ ದನಿಯಂತೆ ಕೇಳಿಸುತ್ತಿತ್ತು. ಬೆಲ್ಟ್ ಮತ್ತೆ ಸಡಿಲಾಗಿದೆ ಎಂದುಕೊಂಡು ಕೆಳಗೆ ಹೋದೆ.

"ಬೆಲ್ಟ್ ಚೊಲೋ ಅದ," ಎಂದರು ಕಾಕು. "ನಾನ ವೇಗ ಕಡಿಮಿ ಮಾಡಾಕತ್ತೀನಿ. ಅವರ ಕೈ ಸೋಲಾಕತ್ತದ. ಹಾಡು ಓಡಿಹೋದ್ರ ಅವರು ಹಿಂದ ಉಳಿತಾರ."

ಮಂಚದ ಪಟ್ಟಿಯ ಮೇಲೆ ಒಂದು ಬೆರಳು ಬೀಳುತ್ತಿತ್ತು, ತಡೆದು ಇನ್ನೊಂದು. ಹಾಡು ಅದಕ್ಕಾಗಿ ಕಾಯುತ್ತಿತ್ತು. ನಾನು ಹೊಸ್ತಿಲ ಮೇಲೆ ಕೂತೆ.

ರಾಯರು ಶಿವರಾತ್ರಿಗೆ ಮೊದಲೇ ತೀರಿಕೊಂಡರು. ಕಾಕು ಹುಲಸೂರಿನ ತಂಗಿಯ ಮನೆಗೆ ಹೋದವರು ಈ ವರ್ಷ ಅಲ್ಲಿಯೇ ಕಣ್ಣು ಮುಚ್ಚಿದರು. ನಾನು ಅವರನ್ನು ಕೊನೆಗೆ ಕಂಡದ್ದು ಅವರು ಹುಮನಾಬಾದ್ ಬಿಡುವ ಹಿಂದಿನ ದಿನ. ಪೆಟ್ಟಿಗೆಯನ್ನು ಮಾಣಿಕನಗರದ ಭಜನೆಯವರಿಗೆ ಕೊಡುವುದೆಂದು ನಿಶ್ಚಯಿಸಿದ್ದರು. ಮಂದಿಗೆ ಕೊಡುವ ವಸ್ತು ಸರಿಯಾಗಿರಬೇಕು, ಮೊಬೈಲಿನಲ್ಲಿ ಅಳೆದು ಕೊಡು ಎಂದು ನನ್ನನ್ನು ಕರೆದರು. ಈ ಸಲ ಸ್ಕ್ರೂ ತಿರುಗಿಸಿದವನು ನಾನು. ಅವರು ಖಾಲಿ ಮಂಚದ ಅಂಚಿಗೆ ಕೂತಿದ್ದರು. ವೇಗ ಸರಿಯಾದ ಮೇಲೆ ರೆಕಾರ್ಡ್ ಹಚ್ಚಿದೆ. ಎಷ್ಟೋ ತಿಂಗಳ ಮೇಲೆ ಆ ಹೆಂಗಸಿನ ದನಿ ತಿಳಿಯಾಗಿ ಎದ್ದು ಬಂತು.

ಕಾಕು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಕೇಳಿದರು.

"ಇಷ್ಟು ಜಲ್ದಿ ಇತ್ತೇನಪಾ ಇದು?"

"ಹೌದ್ರಿ ಕಾಕು," ಎಂದೆ.

ಸೂಜಿ ಎತ್ತಲು ಕೈ ಮುಂದೆ ಮಾಡಿದೆ. ಬೇಡವೆಂದು ತಲೆಯಾಡಿಸಿ, ಹಾಡು ಮುಗಿಯುವ ತನಕ ಹಾಗೆಯೇ ಕೂತಿದ್ದರು.