ಹಳೇ ಬಾಗಿಲಲ್ಲಿ ಪೆಡಲ್‌ಬೋರ್ಡ್ ಕಟ್ಟುವ ಲೋಹಿತಾ

ತುಮಕೂರಿನ ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಮಧುಗಿರಿ ಬೆಟ್ಟದ ಬುಡದ ಬೀದಿಯಲ್ಲಿ, ತಗಡಿನ ಶೆಡ್ಡೊಂದರ ಮುಂದೆ ಲೋಹಿತಾ ಕುಕ್ಕರುಗಾಲಲ್ಲಿ ಕೂತು ಹಳೆಯ ಬಾಗಿಲಿನಿಂದ ಮೊಳೆ ಕೀಳುತ್ತಿದ್ದಾರೆ. ಗೌಡಗೆರೆ ಕಡೆ ಕೆಡವಿದ ಮನೆಯ ಬಾಗಿಲು ಅದು. ಬಣ್ಣದ ಮೇಲೆ ಬಣ್ಣ ಬಳಿದು ಮರವೇ ಕಾಣದಂತಾಗಿದೆ. ಒಂದೊಂದು ಮೊಳೆ ಬಂದಾಗಲೂ ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ.

"ಒಂದು ಮೊಳೆ ಒಳಗೇ ಮುರಿದು ಕೂತ್ಕೊಂಡ್ರೂ ಗರಗಸದ ಹಲ್ಲು ಹೋಯ್ತು ಸಾರ್. ಹಳೇ ಮರ ನಂಬಂಗಿಲ್ಲ, ಬುಡಂಗೂ ಇಲ್ಲ" ಎಂದು ನಗುತ್ತಾರೆ.

ವಾರ ಕಳೆಯುವುದರೊಳಗೆ ಈ ಬಾಗಿಲು ಪೆಡಲ್‌ಬೋರ್ಡ್ ಆಗುತ್ತದೆ. ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವರ ಕಾಲ ಬಳಿ ಪುಟ್ಟ ಪುಟ್ಟ ಲೋಹದ ಪೆಟ್ಟಿಗೆಗಳಿರುತ್ತವೆ. ಕಾಲಿನಿಂದ ಒತ್ತಿದರೆ ಗಿಟಾರಿನ ದನಿ ಬದಲಾಗುತ್ತದೆ. ಅವೇ ಪೆಡಲ್‌ಗಳು. ಅವನ್ನೆಲ್ಲ ಒಟ್ಟಿಗೆ ಕೂರಿಸುವ, ಮುಂದಕ್ಕೆ ಇಳಿಜಾರಾದ ಹಲಗೆಯೇ ಪೆಡಲ್‌ಬೋರ್ಡ್. ಅಂಗಡಿಯಲ್ಲಿ ಸಿಗುವವು ಹೆಚ್ಚಾಗಿ ಲೋಹದವು. ಲೋಹಿತಾ ಮರದಲ್ಲಿ ಮಾಡುತ್ತಾರೆ. ಯಾಕೆ ಎಂದು ಕೇಳಿದಾಗ ಅವರು ಹೇಳಿದ ಸಂಗತಿ ಕೇಳಿ ನಾನು ಪೆನ್ನು ಕೆಳಗಿಟ್ಟೆ.

ಲೋಹಿತಾಗೆ ಈಗ ಮೂವತ್ತೆಂಟು. ತಂದೆ ಓಬಳಯ್ಯ ಶಿರಾ, ಕೊರಟಗೆರೆ ಸುತ್ತ ಕೆಡವುವ ಮನೆಗಳ ತೊಲೆ, ಕಂಬ, ಬಾಗಿಲು ಕೊಂಡು ಮಾರುತ್ತಿದ್ದರು. ಶಾಲೆಯಿಂದ ಬಂದ ಮಗಳಿಗೆ ಮೊಳೆ ಕೀಳುವ ಕೆಲಸ. ಕೀಳುತ್ತ ಕೀಳುತ್ತಲೇ ಗರಗಸ, ಕೀಸುಳಿ ಎಲ್ಲ ಕೈಗೆ ಬಂದವು. ಅಪ್ಪ ತೀರಿಕೊಂಡ ಮೇಲೆ ಶೆಡ್ಡು ಅವರದಾಯಿತು.

"ಹೆಂಗಸು ಮರ ಕುಯ್ತಾಳಲ್ಲಪ್ಪ ಅಂತ ನಿಂತು ನೋಡೋರು. ಈಗ ಯಾರೂ ನೋಡಲ್ಲ. ಮಂಚದ ಕಾಲು ಅಲ್ಲಾಡ್ತೈತೆ, ಬಾ ಕಣಮ್ಮ ಅಂತಾರೆ ಅಷ್ಟೇ."

ತಮ್ಮ ಅಶ್ವತ್ಥನಿಗೆ ಮಾತ್ರ ಮರದ ಕಡೆ ಮನಸ್ಸೇ ಇರಲಿಲ್ಲ. ಯಾರೋ ಬಿಟ್ಟುಕೊಟ್ಟ ಗಿಟಾರಿನಲ್ಲಿ ತಾನೇ ಕಲಿತು, ಜಯಕುಮಾರ್ ಎಂಬುವರ ಆರ್ಕೆಸ್ಟ್ರಾ ಸೇರಿದ. ಮದುವೆ, ಗಣಪತಿ ಹಬ್ಬ, ಎಲ್ಲಿ ಕರೆದರೂ ಹೋಗುತ್ತಿದ್ದ. ಪೆಡಲ್‌ಗಳಿಗೆಂದು ವೆಲ್ಡಿಂಗ್ ಶಾಪಿನಲ್ಲಿ ಒಂದು ಕಬ್ಬಿಣದ ತಟ್ಟೆ ಮಾಡಿಸಿಕೊಂಡಿದ್ದ. ಪ್ಲಗ್ ಚುಚ್ಚುವ ಸ್ವಿಚ್ ಬೋರ್ಡನ್ನೂ ಅದಕ್ಕೇ ಸ್ಕ್ರೂ ಹಾಕಿ ಕೂರಿಸಿದ್ದ.

ಶಿರಾದಲ್ಲಿ ನೆಂಟರೊಬ್ಬರ ಆರತಕ್ಷತೆ. ಲೋಹಿತಾ, ತಾಯಿ ದಾಸಮ್ಮ ಇಬ್ಬರೂ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ಅಶ್ವತ್ಥ ನುಡಿಸುತ್ತ ನುಡಿಸುತ್ತ ದನಿಗೂಡಿಸಲು ಮೈಕಿನ ಹತ್ತಿರ ಬಾಯಿ ತರುತ್ತಾನೆ. ತುಟಿ ತಾಗಿದ್ದೇ ತಡ, ಮೈಯೆಲ್ಲ ಸೆಟೆದು ಅದುರತೊಡಗುತ್ತದೆ.

ಜನ ಚಪ್ಪಾಳೆ ಹೊಡೆದರು. ಕುಣಿಯುತ್ತಿದ್ದಾನೆ ಅಂದುಕೊಂಡರು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಕೆಲವರು ಮೊಬೈಲ್ ಎತ್ತಿ ಹಿಡಿದರು.

"ನಾನೂ ಮೊದ್ಲು ನಕ್ಕೆ ಸಾರ್" ಎನ್ನುತ್ತಾರೆ ಲೋಹಿತಾ. ಕೈಯಲ್ಲಿದ್ದ ಇಕ್ಕಳ ಅಲ್ಲೇ ನಿಲ್ಲುತ್ತದೆ. "ಆಮೇಲೆ ಅವನ ಕಣ್ಣು ನೋಡ್ದೆ. ಕೂತಿದ್ದ ಪ್ಲಾಸ್ಟಿಕ್ ಕುರ್ಚಿ ಎತ್ಕೊಂಡು ಓಡೋಗಿ ಮೈಕ್ ಸ್ಟ್ಯಾಂಡಿಗೆ ಹೊಡೆದ್ಬುಟ್ಟೆ. ಸ್ಟ್ಯಾಂಡೂ ಬಿತ್ತು, ಅವನೂ ಬಿದ್ದ. ಅಷ್ಟೊತ್ತಾದ್ರೂ ಒಬ್ಬರು ಚಪ್ಪಾಳೆ ಹೊಡೀತಾನೇ ಇದ್ರು. ಆ ಸದ್ದು ಇವತ್ತಿಗೂ ಕಿವೀಲೈತೆ."

ಆದದ್ದು ಇಷ್ಟು: ಸ್ವಿಚ್ ಬೋರ್ಡಿನ ವೈರು ಕಬ್ಬಿಣದ ತಟ್ಟೆಯ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರು ಹರಿದಿತ್ತು. ತಟ್ಟೆಗೆ ಬಂದ ಕರೆಂಟು ಪೆಡಲ್‌ಗೆ, ಅಲ್ಲಿಂದ ಗಿಟಾರಿನ ತಂತಿಗೆ ಹತ್ತಿತ್ತು. ತುಟಿ ಮೈಕಿಗೆ ತಾಗಿದಾಗ ಅದು ಅಶ್ವತ್ಥನ ಮೈಯೊಳಗಿಂದಲೇ ದಾರಿ ಮಾಡಿಕೊಂಡಿತು. ಜೀವ ಉಳಿಯಿತು. ಎಡಗೈಯ ಎರಡು ಬೆರಳು ಸುಟ್ಟು, ಮಡಚಲಾಗದೆ ಉಳಿದವು.

"ಆ ತಗಡು ನನ್ನ ಹೊಸ್ತಿಲು ದಾಟಕೂಡದು ಅಂದ್ಬುಟ್ಟೆ" ಎನ್ನುತ್ತಾರೆ ದಾಸಮ್ಮ, ಒಳಗಿನಿಂದ ಕಾಫಿ ತರುತ್ತ. "ಗುಜರಿಯವನಿಗೂ ಕೊಡ್ಲಿಲ್ಲ. ಇನ್ಯಾರ ಮನೆ ಮಗ ತಗೊಂಡಾನು ಅಂತ ಹಾಳುಬಾವಿಗೆ ಎಸೆಸ್ದೆ."

ಆಮೇಲೆ ಅಶ್ವತ್ಥ ಒಂದು ವರ್ಷವಿಡೀ ಯಾರೊಡನೆಯೂ ಹೆಚ್ಚು ಮಾತಾಡಲಿಲ್ಲ. ಆ ವರ್ಷದಲ್ಲೇ ಲೋಹಿತಾ ಬೇವಿನ ತೊಲೆಯೊಂದನ್ನು ಸೀಳಿ ಮೊದಲ ಬೋರ್ಡ್ ಮಾಡಿದರು. ಪಟ್ಟಿಗಳ ನಡುವೆ ಸಂದು ಬಿಟ್ಟು ವೈರುಗಳನ್ನು ಕೆಳಗಿನಿಂದ ಹಾಯಿಸಿದರು. ವೈರು ತೂರುವ ಪ್ರತಿ ಕಂಡಿಯ ಅಂಚನ್ನೂ ಉಜ್ಜಿ ಉಜ್ಜಿ ಗುಂಡಗೆ ಮಾಡಿದರು. ಸ್ವಿಚ್ ಬೋರ್ಡಿಗೆ ಪೆಡಲ್‌ಗಳಿಂದ ದೂರ, ಬೇರೆಯೇ ಮರದ ಗೂಡು. ತಂದು ತಮ್ಮನ ಮುಂದಿಟ್ಟರು. ಅವನು ಎದ್ದು ಬಂದು ಅದರ ಮೇಲೆ ಕಾಲಿಟ್ಟ.

"ಹಿಂದಿನ ಸಾಲು ತಗ್ಗಾಯ್ತು ಕಣಕ್ಕ" ಅಂದ. "ಇಂಗಿದ್ರೆ ಮುಂದಿನದಕ್ಕೆ ಕಾಲು ತಗುಲ್ತದೆ."

ಅಂದಿನಿಂದ ಎಲ್ಲ ಬೋರ್ಡುಗಳಿಗೂ ಅಶ್ವತ್ಥನ ಕಾಲೇ ಅಳತೆ. ಮಧುಗಿರಿ, ಪಾವಗಡದ ಕಡೆಯ ಆರ್ಕೆಸ್ಟ್ರಾದವರೆಲ್ಲ ಈಗ ಇಲ್ಲಿಗೇ ಬರುತ್ತಾರೆ. ಆದರೆ ಬೋರ್ಡ್ ಕೈಗಿಟ್ಟು ಕಳಿಸಿಬಿಡುವುದು ಲೋಹಿತಾಗೆ ಒಗ್ಗದು. ಮೊದಲ ಕಾರ್ಯಕ್ರಮಕ್ಕೆ ತಾವೇ ಹೋಗುತ್ತಾರೆ, ಸೊಂಟದ ಚೀಲದಲ್ಲಿ, ಕರೆಂಟಿದ್ದರೆ ದೀಪ ಹತ್ತುವ ಟೆಸ್ಟರ್ ಒಂದನ್ನು ಇಟ್ಟುಕೊಂಡು. "ಮರ ಹಾಕಿದ್ರೆ ಕರೆಂಟ್ ಹೊಡಿಯಲ್ಲ ಅಂತ ನಾನು ಯಾರಿಗೂ ಹೇಳಲ್ಲ. ಅರ್ತಿಂಗ್ ಕೆಟ್ಟಿದ್ರೆ ನನ್ನ ಬೋರ್ಡ್ ಏನು ಮಾಡೀತು?"

ಹೋದ ಬೇಸಿಗೆಯಲ್ಲಿ ಆ ಮಾತು ನಿಜವಾಯಿತು. ಪಾವಗಡದಾಚೆಯ ಊರಿನಲ್ಲೊಂದು ಮದುವೆ. ಬಯಲಿನಲ್ಲಿ ಕಬ್ಬಿಣದ ಚೌಕಟ್ಟಿನ ವೇದಿಕೆ, ಪಕ್ಕದಲ್ಲಿ ಜನರೇಟರ್. ಸೆಕೆಗೆಂದು ನೆಲಕ್ಕೆಲ್ಲ ನೀರು ಚಿಮುಕಿಸಿದ್ದಾರೆ. ಜಯಕುಮಾರ್ ತಂಡದ ಹೊಸ ಗಿಟಾರ್ ವಾದಕನಿಗೆ ಬೋರ್ಡ್ ಕೊಡಲು ಬಂದ ಲೋಹಿತಾ, ಅಭ್ಯಾಸದಂತೆ ವೇದಿಕೆಯ ಮೆಟ್ಟಿಲಿನ ಕಂಬಿಗೆ ಟೆಸ್ಟರ್ ಮುಟ್ಟಿಸುತ್ತಾರೆ. ಟೆಸ್ಟರಿನ ದೀಪ ಹತ್ತಿಕೊಳ್ಳುತ್ತದೆ: ಕಂಬಿಯಲ್ಲಿ ಕರೆಂಟಿದೆ.

ಎದುರಿಗೇ ಮದುಮಗಳು ಬರುತ್ತಿದ್ದಾಳೆ. ಒದ್ದೆ ನೆಲ, ಬರಿಗಾಲು. ಜೊತೆಯಲ್ಲಿ ಸೆರಗು ಹಿಡಿದ ಹೆಣ್ಣುಮಕ್ಕಳು.

"ಮುಟ್ಟಬ್ಯಾಡ್ರೀ! ಜನರೇಟರ್ ಆಫ್ ಮಾಡ್ರಪ್ಪೋ!" ಎಂದು ಕೂಗುತ್ತ ಲೋಹಿತಾ ಮೆಟ್ಟಿಲಿಗೆ ಅಡ್ಡ ನಿಲ್ಲುತ್ತಾರೆ.

ಹುಡುಗಿಯ ದೊಡ್ಡಪ್ಪ ಸಿಟ್ಟಿನಿಂದ ಬಂದು, ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಯಾರಮ್ಮ ನೀನು ಎಂದು ಗದರಿದರು. "ಎವರಮ್ಮಾ ನುವ್ವು? ಶುಭಕಾರ್ಯದಾಗೆ ಏನಮ್ಮಾ ಗಲಾಟೆ? ಪಕ್ಕಕ್ಕೆ ಬಾ!"

ಜಯಕುಮಾರ್ ಕೂಡ "ಲೋಹಿತಕ್ಕ, ಜನ ಕಾಯ್ತಾವ್ರೆ, ಆಮೇಲೆ ನೋಡಾನ" ಅಂದರು. ಏನೂ ಆಗದೆಂದು ದೊಡ್ಡಪ್ಪ ತಾವೇ ಕಂಬಿ ಹಿಡಿದು ತೋರಿಸಲು ಕೈ ಚಾಚಿದರು. ಲೋಹಿತಾ ಅವರ ಎದೆಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ನೂಕಿದರು. ಹಿರಿಯರು ಕೆಳಗೆ ಬಿದ್ದರು. ಗದ್ದಲವೆದ್ದಿತು. ಯಾರೋ ಲೋಹಿತಾ ಅವರ ರಟ್ಟೆ ಹಿಡಿದೆಳೆದರು. ಅಷ್ಟರಲ್ಲಿ, ಶಿರಾದ ಆ ಸಂಜೆಯನ್ನು ಕಣ್ಣಾರೆ ಕಂಡಿದ್ದ ಜಯಕುಮಾರ್‌ಗೆ ಏನನ್ನಿಸಿತೋ, ಓಡಿಹೋಗಿ ಜನರೇಟರ್ ನಿಲ್ಲಿಸಿದರು.

ವೇದಿಕೆಯ ಕೆಳಗೆ ತೂರಿದ ಎಲೆಕ್ಟ್ರಿಷಿಯನ್ ಹೊರಗೆ ಬಂದು ಎಲ್ಲರನ್ನೂ ಕರೆದ. ಸೀರಿಯಲ್ ಲೈಟಿನ ವೈರು ವೇದಿಕೆಯ ಕಬ್ಬಿಣದ ಕಾಲಿನಡಿ ಸಿಕ್ಕಿ ಜಜ್ಜಿಹೋಗಿತ್ತು. ತಾಮ್ರದ ಎಳೆಗಳು ಕಾಲಿಗೆ ಅಂಟಿಕೊಂಡಿದ್ದವು. ಎಲ್ಲರೂ ಬಂದು ಬಗ್ಗಿ ನೋಡಿದರು. ದೊಡ್ಡಪ್ಪ ಬಿದ್ದಲ್ಲಿಂದ ಎದ್ದವರು ನೇರ ಮದುಮಗಳ ಬಳಿ ಹೋಗಿ, ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಗಳಗಳನೆ ಅತ್ತುಬಿಟ್ಟರು.

"ನಂಗೇನು ಧೈರ್ಯ ಇರ್ಲಿಲ್ಲ ಸಾರ್, ಬರೀ ಭಯ" ಎನ್ನುತ್ತಾರೆ ಲೋಹಿತಾ. "ಆ ಯಜಮಾನರು ಆಮೇಲೆ ನನ್ನ ಪಕ್ಕದಾಗೇ ಎಲೆ ಹಾಕಿಸ್ಕೊಂಡು ಕೂತ್ರು. ಊಟ ಇಬ್ಬರಿಗೂ ಸೇರ್ಲಿಲ್ಲ."

ವೈರು ಬದಲಿಸಿ, ಎಲ್ಲ ಕಡೆ ಮತ್ತೆ ನೋಡಿದ ಮೇಲೆ ಅಂದು ಆರ್ಕೆಸ್ಟ್ರಾ ನಡೆಯಿತು. ಆ ಸುದ್ದಿ ಪೇಪರಿಗೆ ಬರಲಿಲ್ಲ. ಏನೂ ಆಗದೇ ಇದ್ದದ್ದು ಸುದ್ದಿಯಾಗುವುದು ಹೇಗೆ?

ಬಿಸಿಲು ಏರಿದೆ. ಶೆಡ್ಡಿನೊಳಗೆ ಅಶ್ವತ್ಥ ಸಿದ್ಧವಾದ ಬೋರ್ಡೊಂದರ ಮೇಲೆ ಪೆಡಲ್ ಜೋಡಿಸಿ, ಮಡಚಲು ಬರುವ ಎರಡೇ ಬೆರಳಿನಲ್ಲಿ ಗಿಟಾರಿನ ತಂತಿ ಒತ್ತಿ ನೋಡುತ್ತಿದ್ದಾನೆ. ಲೋಹಿತಾ ಬಾಗಿಲನ್ನು ಮಗುಚಿ ಹಾಕಿ ಗೀಟು ಎಳೆಯಲು ಕೂರುತ್ತಾರೆ. ನಿಮಗೇನು ಆಸೆ ಎಂದು ಕೇಳಿದೆ.

"ಇಷ್ಟು ಮದುವೆ ಸುತ್ತಿದೀನಿ, ಒಂದು ಹಾಡೂ ನೆಟ್ಟಗೆ ಕೇಳಿಲ್ಲ ಸಾರ್. ಕಣ್ಣೆಲ್ಲ ವೈರಿನ ಮ್ಯಾಲೇ ಇರ್ತದೆ. ಯಾವಾಗಾದ್ರೂ ಒಂದ್ಸಲ ಕಣ್ಣು ಮುಚ್ಕೊಂಡು, ಒಂದು ಹಾಡು ಪೂರ್ತಿ ಕೇಳ್ಬೇಕು."